ಹನ್ನೆರಡು ಮುಖದ ಒಗಟು

ಮಕ್ಕಳೇ, ಒಂದು ಒಗಟು ಹೇಳುತ್ತೇನೆ. ಬಿಡಿಸುತ್ತೀರಾ?

ಮುಷ್ಟಿಯಷ್ಟು ಗಾತ್ರದ ಲೋಹದ ವಸ್ತು. ಒಳಗೆ ಟೊಳ್ಳು. ಅದಕ್ಕೆ ಹನ್ನೆರಡು ಮುಖಗಳು. ಪ್ರತಿ ಮುಖಕ್ಕೂ ಐದು ಅಂಚುಗಳು, ನಡುವೆ ಒಂದು ದುಂಡನೆಯ ತೂತು. ಎಲ್ಲ ತೂತುಗಳೂ ಒಂದೇ ಅಳತೆಯವಲ್ಲ. ಇಪ್ಪತ್ತು ಮೂಲೆಗಳಲ್ಲಿ ಒಂದೊಂದು ಪುಟ್ಟ ಗುಂಡು. ಹಾಗಾದರೆ ಇದೇನು?

ಗೊತ್ತಾಗಲಿಲ್ಲವೇ? ಬೇಸರ ಬೇಡ. ಇಂಥ ವಸ್ತುವೊಂದು ಇಂಗ್ಲೆಂಡಿನಲ್ಲಿ ಸಿಕ್ಕ ಸುದ್ದಿ 1739ರಲ್ಲೇ ದಾಖಲಾಗಿದೆ. ಅಂದಿನಿಂದ ವಿದ್ವಾಂಸರು ತಲೆ ಕೆಡಿಸಿಕೊಂಡಿದ್ದಾರೆ. ಉತ್ತರ ಇನ್ನೂ ಸಿಕ್ಕಿಲ್ಲ! ಇದನ್ನು 'ರೋಮನ್ ದ್ವಾದಶಮುಖಿ' ಎಂದು ಕರೆಯುತ್ತಾರೆ. ದ್ವಾದಶ ಎಂದರೆ ಹನ್ನೆರಡು. ರೋಮನ್ನರು ಯೂರೋಪಿನ ಬಹುಭಾಗವನ್ನು ಆಳುತ್ತಿದ್ದ ಕಾಲದವು ಇವು. ಈವರೆಗೆ ನೂರಕ್ಕೂ ಹೆಚ್ಚು ಸಿಕ್ಕಿವೆ.

ಹೆಸರು ಗೊತ್ತಿಲ್ಲದ ಹಳೆಯ ವಸ್ತುವನ್ನು ಗುರುತಿಸುವುದು ಹೇಗೆ? ಬನ್ನಿ, ಈ ಒಗಟಿನ ಜೊತೆಗೇ ಕಲಿಯೋಣ.

ಲೋಹಶೋಧಕ ಏನು ಹೇಳುತ್ತದೆ?

ಇಂಗ್ಲೆಂಡಿನಲ್ಲಿ ಅನೇಕರು ಹೊಲದ ಮಾಲೀಕರ ಒಪ್ಪಿಗೆ ಪಡೆದು, ಕೈಯಲ್ಲಿ ಲೋಹಶೋಧಕ ಹಿಡಿದು ಹಳೆಯ ವಸ್ತುಗಳನ್ನು ಹುಡುಕುತ್ತಾರೆ. ಈ ಯಂತ್ರದ ತುದಿಯಲ್ಲಿ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ಬದಲಾಗುತ್ತಿರುವ ವಿದ್ಯುತ್ ಹರಿದಾಗ ಸುತ್ತ ಕಾಂತಕ್ಷೇತ್ರ ಉಂಟಾಗುತ್ತದೆ. ನೆಲದೊಳಗೆ ಲೋಹವಿದ್ದರೆ ಅದರಲ್ಲೂ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಯಂತ್ರ ಅದನ್ನು ಗ್ರಹಿಸಿ 'ಬೀಪ್' ಎನ್ನುತ್ತದೆ.

ಆದರೆ ಯಂತ್ರ ಹೇಳುವುದು 'ಇಲ್ಲಿ ಲೋಹವಿದೆ' ಎಂದು ಮಾತ್ರ. ಆ ವಸ್ತು ಏನೆಂದು ತಿಳಿಯಲು ನಾವು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು.

1. ಯಾವ ಲೋಹ?

ಮೊದಲು ಬಣ್ಣ ನೋಡಿ. ಕಬ್ಬಿಣಕ್ಕೆ ಕೆಂಗಂದು ತುಕ್ಕು ಹಿಡಿಯುತ್ತದೆ. ತಾಮ್ರ, ಹಿತ್ತಾಳೆ, ಕಂಚುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಚಿನ್ನ ಸಾವಿರಾರು ವರ್ಷ ಮಣ್ಣಿನಲ್ಲಿದ್ದರೂ ಹೊಳೆಯುತ್ತದೆ. ಕಬ್ಬಿಣವನ್ನು ಅಯಸ್ಕಾಂತ ಸೆಳೆಯುತ್ತದೆ, ತಾಮ್ರವನ್ನು ಸೆಳೆಯುವುದಿಲ್ಲ.

2023ರಲ್ಲಿ ಇಂಗ್ಲೆಂಡಿನ ನಾರ್ಟನ್ ಡಿಸ್ನಿ ಎಂಬ ಹಳ್ಳಿಯಲ್ಲಿ ಒಂದು ದ್ವಾದಶಮುಖಿ ಸಿಕ್ಕಿತು. ಅಗಲ ಸುಮಾರು 8 ಸೆಂ.ಮೀ., ತೂಕ 245 ಗ್ರಾಂ. ಪರೀಕ್ಷಿಸಿದಾಗ ಅದರಲ್ಲಿ ತಾಮ್ರ ಶೇ. 75, ಸೀಸ ಶೇ. 18, ತವರ ಶೇ. 7ರಷ್ಟು ಇದ್ದುದು ತಿಳಿಯಿತು. ಅಂದರೆ ಅದು ಸೀಸ ಬೆರೆತ ಕಂಚು.

2. ಹೇಗೆ ಮಾಡಿದ್ದಾರೆ?

ಸೀಸ ಬೆರೆಸಿದ ಕಂಚು ಕರಗಿದಾಗ ಅಚ್ಚಿನ ಮೂಲೆ ಮೂಲೆಗೂ ಸುಲಭವಾಗಿ ಹರಿಯುತ್ತದೆ. ದ್ವಾದಶಮುಖಿಯನ್ನು ಹೀಗೆ ಎರಕ ಹೊಯ್ದು ಮಾಡಿದ್ದಾರೆ. ಇದು ಪಳಗಿದ ಕೈಯ ಕೆಲಸ. ಬೆಲೆಯೂ ಕಡಿಮೆ ಇರಲಿಕ್ಕಿಲ್ಲ.

3. ಸವೆದಿದೆಯೇ?

ನಿಮ್ಮ ಮನೆಯ ಹಳೆಯ ಕುಡುಗೋಲನ್ನು ನೋಡಿ. ಅದರ ಹಿಡಿ ಎಲ್ಲಿ ಸವೆದಿದೆ? ಅಲಗು ಎಲ್ಲಿ ಸವೆದಿದೆ? ಸವೆತವೇ ಅದರ ಕೆಲಸವನ್ನು ಹೇಳುತ್ತದೆ. ನಾರ್ಟನ್ ಡಿಸ್ನಿಯ ದ್ವಾದಶಮುಖಿಯಲ್ಲಿ ಸವೆತ ಕಾಣಲಿಲ್ಲ. ದಿನನಿತ್ಯ ಬಳಸುವ ಉಪಕರಣ ಹಾಗಿರುತ್ತದೆಯೇ?

4. ಎಲ್ಲಿ ಸಿಕ್ಕಿತು? ಜೊತೆಗೆ ಏನಿತ್ತು?

ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ನಾರ್ಟನ್ ಡಿಸ್ನಿಯಲ್ಲಿ ಊರಿನ ಸ್ವಯಂಸೇವಕರು ಅವಸರ ಮಾಡದೆ, ಪದರ ಪದರವಾಗಿ ಮಣ್ಣು ತೆಗೆದರು. ವಸ್ತುವನ್ನು ಇಟ್ಟ ಜಾಗದಲ್ಲೇ ಕಂಡರು. ಪಕ್ಕದಲ್ಲಿ ನಾಲ್ಕನೆಯ ಶತಮಾನದ ಮಡಕೆ ಚೂರುಗಳಿದ್ದವು. ಇದರಿಂದ ಸುಮಾರು 1,700 ವರ್ಷಗಳ ಹಿಂದೆ ಅದನ್ನು ಯಾರೋ ಬೇಕೆಂದೇ ಅಲ್ಲಿ ಇಟ್ಟಿರಬೇಕು ಎಂದು ತಿಳಿಯಿತು.

ಸಿಕ್ಕ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು. ದ್ವಾದಶಮುಖಿಗಳು ಬ್ರಿಟನ್, ಫ್ರಾನ್ಸ್, ಜರ್ಮನಿಗಳಲ್ಲಿ ಸಿಕ್ಕಿವೆ. ರೋಮ್ ನಗರವಿರುವ ಇಟಲಿಯಲ್ಲಿ ಸಿಕ್ಕಿಲ್ಲ! ಹಾಗಾದರೆ ಇದು ಉತ್ತರದ ನಾಡುಗಳ ಜನರ ಬಳಕೆಯ ವಸ್ತುವೇ? ಆದರೆ ಎಷ್ಟೋ ದ್ವಾದಶಮುಖಿಗಳನ್ನು ಹಿಂದೆ ಸುಮ್ಮನೆ ಅಗೆದು ತೆಗೆದರು. ಎಲ್ಲಿ, ಯಾವುದರ ಜೊತೆ ಇದ್ದವೆಂದು ಬರೆದಿಡಲಿಲ್ಲ. ವಸ್ತು ಉಳಿಯಿತು, ಅದರ ಕಥೆ ಅಳಿಯಿತು.

ಊಹೆಗಳನ್ನು ಪರೀಕ್ಷಿಸೋಣ

ಇದು ಆಟದ ದಾಳವೇ? ತೂತುಗಳು ಬೇರೆ ಬೇರೆ ಅಳತೆಯಾದ್ದರಿಂದ ಮುಖಗಳ ತೂಕ ಸಮವಾಗಿರದು. ಮುಖಗಳ ಮೇಲೆ ಅಂಕಿಗಳೂ ಇಲ್ಲ.

ಅಳತೆಯ ಸಾಧನವೇ? ಹಾಗಿದ್ದರೆ ಎಲ್ಲವೂ ಒಂದೇ ಅಳತೆಯಲ್ಲಿ ಇರಬೇಕಿತ್ತು. ಆದರೆ ಕೆಲವು ಚಿಕ್ಕವು, ಕೆಲವು ದೊಡ್ಡವು.

ಮೇಣದಬತ್ತಿ ನಿಲ್ಲಿಸುವ ಸಾಧನವೇ? ಒಂದರಲ್ಲಿ ಮೇಣ ಸಿಕ್ಕಿದ್ದುಂಟು. ಆದರೆ ಉಳಿದವುಗಳ ಕಥೆ ಏನು?

ಪೂಜೆಗೋ, ಶಕುನ ನೋಡಲೋ ಬಳಸುತ್ತಿದ್ದರೇ? ಹಲವು ತಜ್ಞರು ಹೀಗೆ ಊಹಿಸುತ್ತಾರೆ. ಆದರೆ ರೋಮನ್ನರ ಬರಹಗಳಲ್ಲಿ ಇದರ ಪ್ರಸ್ತಾಪವೇ ಇಲ್ಲ.

ಆದ್ದರಿಂದ ವಿಜ್ಞಾನಿಗಳು 'ಇನ್ನೂ ಗೊತ್ತಿಲ್ಲ' ಎನ್ನುತ್ತಾರೆ. ಪುರಾವೆ ಇಲ್ಲದೆ ಉತ್ತರ ಹೇಳುವುದಕ್ಕಿಂತ ಇದು ಒಳ್ಳೆಯದಲ್ಲವೇ?

ನಿಮಗೆ ಏನಾದರೂ ಸಿಕ್ಕರೆ?

ನಮ್ಮ ಊರುಗಳಲ್ಲೂ ಉಳುವಾಗ, ಮನೆಯ ಪಾಯ ತೋಡುವಾಗ ಹಳೆಯ ವಸ್ತುಗಳು ಸಿಗುತ್ತವೆ. ಆಗ ಮುಂದೆ ಅಗೆಯಬೇಡಿ. ಅಮ್ಮ ಹಿತ್ತಾಳೆ ಚೊಂಬನ್ನು ಹುಣಸೆಹಣ್ಣಿನಿಂದ ಉಜ್ಜುವಂತೆ ಅದನ್ನು ಉಜ್ಜಬೇಡಿ. ಕಿಲುಬು, ಮಣ್ಣು ಎಲ್ಲವೂ ಪುರಾವೆಗಳೇ. ಬಡಿದು ನೋಡುವುದಂತೂ ಬೇಡವೇ ಬೇಡ, ಅಪಾಯವಾಗಬಹುದು. ಜಾಗಕ್ಕೆ ಗುರುತು ಇಟ್ಟು, ಚಿತ್ರ ಬರೆದು, ಹಿರಿಯರಿಗೆ ಮತ್ತು ಶಿಕ್ಷಕರಿಗೆ ತಿಳಿಸಿ. ಕಾನೂನಿನ ಪ್ರಕಾರ ನೆಲದಲ್ಲಿ ಸಿಕ್ಕ ಬೆಲೆಬಾಳುವ ವಸ್ತುವಿನ ವಿಷಯವನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು.

ಮಾಡಿ ನೋಡಿ

ಬೇಕಾಗುವ ಸಾಮಗ್ರಿಗಳು: ಅಳತೆಯ ಜಾಡಿ, ನೀರು, ತಕ್ಕಡಿ, ದಾರ, ಮನೆಯಲ್ಲಿರುವ ಸಣ್ಣ ಲೋಹದ ವಸ್ತು.

ವಿಧಾನ: ವಸ್ತುವನ್ನು ತೂಗಿ. ಜಾಡಿಯಲ್ಲಿ ನೀರಿನ ಮಟ್ಟ ಬರೆದುಕೊಳ್ಳಿ. ವಸ್ತುವನ್ನು ದಾರದಿಂದ ಕಟ್ಟಿ ಪೂರ್ತಿ ಮುಳುಗಿಸಿ. ನೀರು ಎಷ್ಟು ಮಿ.ಲೀ. ಏರಿತು? ತೂಕವನ್ನು ಅದರಿಂದ ಭಾಗಿಸಿ. ಉದಾಹರಣೆಗೆ 170 ಗ್ರಾಂ ತೂಕದ ವಸ್ತು ನೀರನ್ನು 20 ಮಿ.ಲೀ. ಏರಿಸಿದರೆ, 170 ÷ 20 = 8.5. ಇದೇ ಅದರ ಸಾಂದ್ರತೆ. ಈಗ ಹೋಲಿಸಿ ನೋಡಿ: ಅಲ್ಯೂಮಿನಿಯಂ 2.7, ಕಬ್ಬಿಣ 7.9, ಹಿತ್ತಾಳೆ ಸುಮಾರು 8.5, ತಾಮ್ರ 8.9, ಸೀಸ 11.3. ನಿಮ್ಮ ವಸ್ತು ಯಾವುದು?

ಯೋಚಿಸಿ

1. ದ್ವಾದಶಮುಖಿಗೆ 12 ಮುಖ, 20 ಮೂಲೆ. ಅಂಚುಗಳು ಎಷ್ಟು? (ಸುಳಿವು: ಒಂದು ಅಂಚು ಎರಡು ಮುಖಗಳಿಗೆ ಸೇರಿದ್ದು.)
2. ಅಜ್ಜಿಯ ಮನೆಯಲ್ಲಿ ಈಗ ಯಾರೂ ಬಳಸದ ಒಂದು ಲೋಹದ ವಸ್ತುವನ್ನು ಹುಡುಕಿ. ಅದರ ಹೆಸರು ಕೇಳುವ ಮೊದಲು ನಾಲ್ಕು ಪ್ರಶ್ನೆಗಳಿಂದ ಊಹಿಸಿ. ಆಮೇಲೆ ಅಜ್ಜಿಯನ್ನು ಕೇಳಿ ಬರೆದಿಡಿ. ರೋಮನ್ನರ ಕಾಲದ ಅಜ್ಜಿಯರನ್ನು ಯಾರಾದರೂ ಹೀಗೆ ಕೇಳಿ ಬರೆದಿಟ್ಟಿದ್ದರೆ ಈ ಒಗಟು ಉಳಿಯುತ್ತಲೇ ಇರಲಿಲ್ಲ!