ಪೀಠವೂ ಧ್ವನಿಯೂ

ಕರ್ನಾಟಕವು 1983ರ ಶಾಸನದ ಮೂಲಕ ಮಂಡಲ ಪಂಚಾಯತಿ ಹಾಗೂ ಜಿಲ್ಲಾ ಪರಿಷತ್ತುಗಳಲ್ಲಿ ಸ್ತ್ರೀಯರಿಗೆ ಶೇಕಡ 25 ಸ್ಥಾನಗಳನ್ನು ಮೀಸಲಿರಿಸಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಪಂಚಾಯತಿಗಳಲ್ಲಿ ಮೂರನೆಯ ಒಂದು ಪಾಲನ್ನಾದರೂ ಮೀಸಲಿಡಬೇಕೆಂದು ವಿಧಿಸಿತು. 2010ರಲ್ಲಿ ನಮ್ಮ ರಾಜ್ಯವು ಅದನ್ನು ಅರ್ಧಕ್ಕೆ ಏರಿಸಿತು.

ಪೀಠವೇನೋ ದೊರೆಯಿತು. ಆದರೆ ಪತಿಯೇ ಮಾತನಾಡಿ, ಸದಸ್ಯೆಯು ಬರಿಯ ರುಜು ಹಾಕುವ ಪ್ರಸಂಗಗಳು ಇಂದಿಗೂ ಉಂಟು. ಆದುದರಿಂದಲೇ ತರಬೇತಿ ಅವಶ್ಯ. ನಡವಳಿ ಪುಸ್ತಕವನ್ನು ಓದಿ ತಿಳಿಯದೆ ರುಜು ಹಾಕಬಾರದೆಂಬುದನ್ನೂ, ಆಯವ್ಯಯವನ್ನು ಪ್ರಶ್ನಿಸುವ ಬಗೆಯನ್ನೂ ಆಕೆ ಅರಿಯಬೇಕು. ಆಕೆಯೊಬ್ಬಳೇ ಕಲಿತರೆ ಸಾಲದು. ಆಕೆಯ ಮಾತನ್ನು ಮನ್ನಿಸುವ ಶಿಕ್ಷಣವು ಸಹಸದಸ್ಯರಿಗೂ ಕಾರ್ಯದರ್ಶಿಗೂ ಮನೆಯವರಿಗೂ ಬೇಕು.

ವಿದ್ಯಾರ್ಥಿನಿಯರು ಎದ್ದುನಿಂತು ನುಡಿಯುವುದನ್ನೂ, ವಿದ್ಯಾರ್ಥಿಗಳು ತಾಳ್ಮೆಯಿಂದ ಕೇಳುವುದನ್ನೂ ಶಾಲೆಯ ಚರ್ಚಾಕೂಟದಲ್ಲಿಯೇ ಅಭ್ಯಾಸಮಾಡಲಿ.