ಒಂದು ಕೋಲು, ಮೂರು ಪಾಠ
ಮನೆಯಲ್ಲಿ ವಿಜ್ಞಾನದ ಪಾಠಕ್ರಮವನ್ನು ಹೇಗೆ ಯೋಜಿಸಬೇಕು?

ಮನೆಯಲ್ಲಿಯೇ ಮಕ್ಕಳಿಗೆ ವಿಜ್ಞಾನವನ್ನು ಕಲಿಸಲು ಹೊರಟವರಿಗೆ ಎದುರಾಗುವ ಮೊದಲನೆಯ ತೊಡಕು ವಯಸ್ಸಿನದು. ಶಾಲೆಯ ಒಂದು ಕೊಠಡಿಯಲ್ಲಿ ಹೆಚ್ಚು ಕಡಮೆ ಒಂದೇ ವಯಸ್ಸಿನ ಮಕ್ಕಳು ಕೂಡಿರುತ್ತಾರೆ. ಮನೆಯಲ್ಲಾದರೋ ಆರು ವರ್ಷದ ತಂಗಿ, ಹತ್ತು ವರ್ಷದ ತಮ್ಮ, ಹದಿನಾಲ್ಕು ವರ್ಷದ ಅಕ್ಕ ಒಂದೇ ಜಗಲಿಯ ಮೇಲೆ ಕುಳಿತಿರುತ್ತಾರೆ. ಮೂವರಿಗೂ ಬೇರೆ ಬೇರೆ ಪಾಠ ಹೇಳಹೊರಟರೆ ಹೇಳುವವರ ದಿನವೆಲ್ಲ ಅದಕ್ಕೇ ಸಲ್ಲುತ್ತದೆ. ಮೂವರಿಗೂ ಒಂದೇ ಪಾಠ ಹೇಳಿದರೆ ಕಿರಿಯಳಿಗೆ ಅರ್ಥವಾಗದು, ಹಿರಿಯಳಿಗೆ ರುಚಿಸದು. ರಜೆಯಲ್ಲಿ ತಮ್ಮತಂಗಿಯರ ಪಾಠದ ಹೊಣೆಯನ್ನು ಹೊರುವ ವಿದ್ಯಾರ್ಥಿಗಳಿಗೂ ಈ ಕಷ್ಟದ ಅನುಭವವಿರಬಹುದು. ಇದಕ್ಕೆ ಒಂದು ಪರಿಹಾರವುಂಟು: ನೋಡುವ ವಸ್ತು ಮೂವರಿಗೂ ಒಂದೇ ಇರಲಿ, ಕೇಳುವ ಪ್ರಶ್ನೆ ಮಾತ್ರ ವಯಸ್ಸಿಗೆ ತಕ್ಕಂತೆ ಬೇರೆಯಾಗಲಿ. ಒಂದು ಉದಾಹರಣೆಯಿಂದ ಇದನ್ನು ವಿವೇಚಿಸೋಣ.

ನೆರಳಿನ ಪಾಠ

ಬೆಂಗಳೂರಿನ ಒಂದು ಮನೆಯ ಸಮತಟ್ಟಾದ ಅಂಗಳದಲ್ಲಿ 1 ಮೀಟರ್ ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಿದ್ದೇವೆ ಎನ್ನೋಣ. ಸೂರ್ಯನನ್ನು ಯಾರೂ ನೇರವಾಗಿ ನೋಡಕೂಡದು. ನೋಡಬೇಕಾದುದು ನೆರಳನ್ನು ಮಾತ್ರ. ಇದನ್ನು ಮೊದಲೇ ಕಟ್ಟುನಿಟ್ಟಾಗಿ ತಿಳಿಸಬೇಕು.

ಆರು ವರ್ಷದ ಮಗುವಿನ ಕೆಲಸ ಗಂಟೆಗೊಮ್ಮೆ ನೆರಳಿನ ತುದಿಯಲ್ಲಿ ಒಂದು ಕಲ್ಲನ್ನಿಡುವುದು. ನೆರಳು ಸರಿಯುತ್ತದೆ, ಕುಗ್ಗುತ್ತದೆ, ಮತ್ತೆ ಬೆಳೆಯುತ್ತದೆ ಎಂಬುದನ್ನು ಅದು ತಾನೇ ಕಂಡು ಹೇಳಿದರೆ ಸಾಕು.

ಹತ್ತು ವರ್ಷದ ಹುಡುಗನು ಅಳೆಯಬಲ್ಲನು, ಬರೆದಿಡಬಲ್ಲನು. ಕೋಲಿನ ಬುಡವನ್ನು ಕೇಂದ್ರವಾಗಿಟ್ಟು, ಕೋಲಿನ ಎತ್ತರವನ್ನೇ ತ್ರಿಜ್ಯವಾಗಿ ಮಾಡಿ ಅವನು ಒಂದು ವೃತ್ತವನ್ನೆಳೆಯಲಿ. ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟುವ ಬಿಂದುವನ್ನೂ ಮಧ್ಯಾಹ್ನದ ಮೇಲೆ ಮುಟ್ಟುವ ಬಿಂದುವನ್ನೂ ಸೇರಿಸಿದರೆ ಪೂರ್ವ–ಪಶ್ಚಿಮ ರೇಖೆ ದೊರೆಯುತ್ತದೆ. ಯಜ್ಞವೇದಿಯನ್ನು ಅಳೆಯುತ್ತಿದ್ದ ನಮ್ಮ ಪ್ರಾಚೀನರು ಈ ಕ್ರಮವನ್ನು ಬಲ್ಲವರಾಗಿದ್ದರು. ಕಾತ್ಯಾಯನ ಶುಲ್ಬಸೂತ್ರದಲ್ಲಿ ಇದರ ವಿವರಣೆಯಿದೆ.

ಹಿರಿಯಳ ಪ್ರಶ್ನೆ ಇನ್ನೂ ಆಳವಾದುದು. ಹಗಲಿರುಳು ಸಮವಾಗುವ ಮಾರ್ಚ್ 21ರ ಸುಮಾರಿಗೆ ಅತಿ ಗಿಡ್ಡನೆಯ ನೆರಳು 23 ಸೆಂಟಿಮೀಟರ್ ಇರುತ್ತದೆ. ಕೋಲು ಮತ್ತು ನೆರಳುಗಳ ತ್ರಿಕೋನವನ್ನು ಕಾಗದದ ಮೇಲೆ ಪ್ರಮಾಣಬದ್ಧವಾಗಿ ಬರೆದು ಕೋಲಿನ ತುದಿಯ ಕೋನವನ್ನಳೆದರೆ 13 ಡಿಗ್ರಿ ಬರುತ್ತದೆ. ಅದೇ ಬೆಂಗಳೂರಿನ ಅಕ್ಷಾಂಶ. ಹೆಚ್ಚು ಕಡಮೆ ಅದೇ ರೇಖಾಂಶದಲ್ಲಿರುವ ದೆಹಲಿಯಲ್ಲಿ ನೆಂಟರೊಬ್ಬರು ಅದೇ ದಿನ ಅಳೆದರೆ ನೆರಳು ಸುಮಾರು 54.5 ಸೆಂಟಿಮೀಟರ್, ಕೋನವು 28.6 ಡಿಗ್ರಿ. ವ್ಯತ್ಯಾಸ 15.6 ಡಿಗ್ರಿ, ಎರಡು ನಗರಗಳ ನಡುವಣ ನೇರ ದೂರ ಸುಮಾರು 1740 ಕಿಲೋಮೀಟರ್. 15.6 ಡಿಗ್ರಿಗೆ ಇಷ್ಟಾದರೆ 360 ಡಿಗ್ರಿಗೆ ಎಷ್ಟು? ಸುಮಾರು 40,000 ಕಿಲೋಮೀಟರ್. ಭೂಮಿಯ ಸುತ್ತಳತೆ ಅಂಗಳದ ಕೋಲಿನಿಂದ ಸಿಕ್ಕಿತು! ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಎರಟೋಸ್ಥನೀಸನು ಈಜಿಪ್ಟಿನಲ್ಲಿ ಅನುಸರಿಸಿದ ತರ್ಕವೂ ಇದೇ.

ವರ್ಷದ ಯೋಜನೆ

ಪಾಠಗಳ ಅನುಕ್ರಮವನ್ನು ಋತುಮಾನಕ್ಕೆ ಹೊಂದಿಸುವುದು ಲೇಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಮುಸುಕಿರುವಾಗ ನೆರಳನ್ನು ಅರಸಿ ಫಲವಿಲ್ಲ. ಅದು ಮಳೆಯ ಪಾಠಕ್ಕೆ ಸಕಾಲ. ನೇರ ಪಕ್ಕಗಳುಳ್ಳ ಡಬ್ಬಿಯಲ್ಲಿ ಕಿರಿಯಳು ಮಳೆಯ ನೀರನ್ನು ಹಿಡಿಯಲಿ, ನಡುವಿನವನು ಅದರ ಆಳವನ್ನು ಮಿಲಿಮೀಟರುಗಳಲ್ಲಿ ಬರೆದಿಡಲಿ, ಹಿರಿಯಳು ಮನೆಯ ಮಾಳಿಗೆಯ ಮೇಲೆ ಬಿದ್ದ ನೀರೆಷ್ಟೆಂದು ಲೆಕ್ಕಹಾಕಲಿ. 1 ಚದರ ಮೀಟರಿನ ಮೇಲೆ 1 ಮಿಲಿಮೀಟರ್ ಮಳೆಯೆಂದರೆ 1 ಲೀಟರ್ ನೀರು. 100 ಚದರ ಮೀಟರಿನ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಸುರಿದರೆ 1000 ಲೀಟರ್! ಚಳಿಗಾಲದ ನಿರ್ಮಲವಾದ ಆಕಾಶ ನೆರಳಿಗೂ ನಕ್ಷತ್ರಗಳಿಗೂ ಮೀಸಲಾಗಿರಲಿ. ಬೇಸಗೆಯಲ್ಲಿ ಶಾಖ, ಆವಿ, ಗಾಳಿಗಳ ಪಾಠ. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಸೂರ್ಯನು ನಡುನೆತ್ತಿಗೆ ಬಂದು ಕೋಲಿನ ನೆರಳು ಕ್ಷಣಕಾಲ ಬುಡದಲ್ಲಿಯೇ ಅಡಗುವುದನ್ನು ಮರೆಯದೆ ತೋರಿಸಬೇಕು. ವಾರಕ್ಕೆ ಎರಡು ಪಾಠಗಳಾದರೆ ಸಾಕು. ಮೂವರಿಗೂ ಒಂದೊಂದು ದಿನಚರಿ ಪುಸ್ತಕವಿರಲಿ.

ನಮ್ಮ ಒಂದು ತಪ್ಪು

ಡಿಸೆಂಬರಿನ ಕೊನೆಯ ವಾರದಲ್ಲಿ ಒಮ್ಮೆ ನಾವು ಮಕ್ಕಳಿಗೆ, "ಸರಿಯಾಗಿ ಹನ್ನೆರಡು ಗಂಟೆಗೆ ನೆರಳು ಅತಿ ಗಿಡ್ಡವಾಗಿರುತ್ತದೆ" ಎಂದು ಹೇಳಿಬಿಟ್ಟೆವು. ಸಂಜೆ ಹತ್ತು ವರ್ಷದ ಹುಡುಗನ ಪುಸ್ತಕವನ್ನು ತೆರೆದಾಗ ಅಲ್ಲಿ ರಬ್ಬರಿನಿಂದ ಉಜ್ಜಿದ ಗುರುತು ಕಂಡಿತು. ವಿಚಾರಿಸಿದೆವು. ಹನ್ನೆರಡರ ಬಳಿಕವೂ ನೆರಳು ಒಂದು ಸೆಂಟಿಮೀಟರಿಗೆ ತುಸು ಕಡಮೆಯಷ್ಟು ಕುಗ್ಗಿ, 12 ಗಂಟೆ 20 ನಿಮಿಷದ ಹೊತ್ತಿಗೆ ಅತಿ ಗಿಡ್ಡವಾಗಿತ್ತು. "ನೀವು ಹೇಳಿದ್ದಕ್ಕೆ ಹೊಂದಲಿಲ್ಲ, ಅದಕ್ಕೆ ಅಳಿಸಿದೆ" ಎಂದನು.

ಅವನ ಅಳತೆಯೇ ಸರಿಯಾಗಿತ್ತು. ನಮ್ಮ ಗಡಿಯಾರಗಳು ತೋರಿಸುವುದು 82.5 ಡಿಗ್ರಿ ಪೂರ್ವ ರೇಖಾಂಶದ ವೇಳೆಯನ್ನು. ಬೆಂಗಳೂರು ಇರುವುದು 77.6 ಡಿಗ್ರಿಯಲ್ಲಿ. ಭೂಮಿಯು ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಆದುದರಿಂದ ಇಲ್ಲಿ ಸೂರ್ಯನ ನಡುಹಗಲು ಸುಮಾರು 20 ನಿಮಿಷ ತಡ. ವರ್ಷದ ಬೇರೆ ಬೇರೆ ದಿನಗಳಲ್ಲಿ ಇದು ಕೆಲವು ನಿಮಿಷಗಳಷ್ಟು ಹಿಂದುಮುಂದಾಗುವುದೂ ಉಂಟು. ಹಿರಿಯರ ಮಾತಿಗಾಗಿ ಹುಡುಗನು ತನ್ನ ಕಣ್ಣು ಕಂಡ ಸತ್ಯವನ್ನು ಅಳಿಸಿದ್ದನು. ಪಾಠಕ್ರಮದಲ್ಲಿ ಇದಕ್ಕಿಂತ ದೊಡ್ಡ ಲೋಪವಿರಲಾರದು.

ಅಂದಿನಿಂದ ನಾವು ಎರಡು ನಿಯಮಗಳನ್ನು ಸೇರಿಸಿಕೊಂಡೆವು. ಉತ್ತರವನ್ನು ಮೊದಲೇ ಹೇಳಕೂಡದು. ಒಮ್ಮೆ ಬರೆದ ಅಳತೆಯನ್ನು ಅಳಿಸಕೂಡದು, ಸಂದೇಹ ಬಂದರೆ ಮರುದಿನ ಮತ್ತೆ ಅಳೆಯಬೇಕು. ಹುಡುಗನು ಮರುದಿನ ಮತ್ತೆ ಅಳೆದನು. 12 ಗಂಟೆ 20 ನಿಮಿಷವೆಂದು ಈ ಸಲ ಶಾಯಿಯಲ್ಲಿ ಬರೆದನು. ಹಾಗೇಕೆ ಎಂಬ ಲೆಕ್ಕವನ್ನು ಅಕ್ಕನು ಅವನಿಗೆ ವಿವರಿಸಿದಳು. ವಿವರಿಸುವಾಗ ರೇಖಾಂಶವೆಂದರೇನೆಂಬುದು ಅವಳಿಗೂ ಮೊದಲಿಗಿಂತ ಸ್ಪಷ್ಟವಾಯಿತು. ವಾಚಕರು ತಮ್ಮ ಊರಿನ ರೇಖಾಂಶವನ್ನು ಭೂಪಟದಲ್ಲಿ ನೋಡಿ, ಅಲ್ಲಿ ಸೂರ್ಯನ ನಡುಹಗಲು ಎಷ್ಟು ಹೊತ್ತಿಗೆಂದು ಲೆಕ್ಕಹಾಕಿ, ಮನೆಯ ಕಿರಿಯರೊಡನೆ ಒಂದು ಕೋಲನ್ನು ನೆಟ್ಟು ಪರೀಕ್ಷಿಸಬಹುದು.