ಇಂಗಾಲದ ಚೌಕಟ್ಟಿನ ಸೈಕಲಿಗೆ ವಿದ್ಯುತ್ತಿನ ನೆರವು

ಕುಮಟೆಯಿಂದ ಶಿರಸಿಗೆ ಹೋಗುವ ಹೆದ್ದಾರಿಯಲ್ಲಿ ಕತಗಾಲವನ್ನು ದಾಟಿ ಮುಂದೆ ಸಾಗಿದರೆ ನೆಲದ ಸ್ವಭಾವವೇ ಬದಲಾಗುತ್ತದೆ. ಅಲ್ಲಿಯವರೆಗೆ ತೋಟ ಗದ್ದೆಗಳ ನಡುವೆ ಹೆಚ್ಚು ಏರಿಳಿತವಿಲ್ಲದೆ ಬಂದ ದಾರಿ, ದೇವಿಮನೆ ಘಟ್ಟವನ್ನು ಸುತ್ತಿ ಸುತ್ತಿ ಏರತೊಡಗುತ್ತದೆ. ಕಡಲ ಮಟ್ಟಕ್ಕೆ ಸಮೀಪವಿರುವ ಸೀಮೆಯಿಂದ ಸುಮಾರು 590 ಮೀಟರ್ ಎತ್ತರದ ಶಿರಸಿಯ ಕಡೆಗೆ ಸೈಕಲ್ ತುಳಿದು ಹೊರಟವನಿಗೆ ಯಂತ್ರಶಾಸ್ತ್ರದ ಮೊದಲ ಪಾಠವನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವನ ಮೊಣಕಾಲೇ ಅದನ್ನು ಹೇಳಿಕೊಡುತ್ತದೆ.

ಇತ್ತೀಚಿನ ವರುಷಗಳಲ್ಲಿ ಇಂಗಾಲದ ನಾರಿನಿಂದ ಮಾಡಿದ ಹಗುರವಾದ ಬೆಟ್ಟದ ಸೈಕಲುಗಳು ನಮ್ಮ ನಗರಗಳಲ್ಲಿ ಕಾಣಸಿಗುತ್ತಿವೆ. ಪಟ್ಟಣಗಳಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿಗಳಲ್ಲಿಯೂ ಅಂತಹವನ್ನು ಇಟ್ಟುಕೊಂಡವರು ಇದ್ದಾರು. ವಯಸ್ಸು ಏರಿದಂತೆ ಘಟ್ಟ ಕಡಿದಾಗುತ್ತದೆ. ಆಗ ಸೈಕಲಿಗೆ ಮೋಟಾರನ್ನು ಜೋಡಿಸುವ ಆಸೆ ಹುಟ್ಟುವುದು ಸಹಜ. ಆ ಜೋಡಣೆ ಹೇಗೆ, ಮತ್ತು ಇಂಗಾಲದ ಚೌಕಟ್ಟಿಗೆ ಅದು ಒಪ್ಪುವುದೇ ಎಂಬುದು ಇಲ್ಲಿಯ ವಿಷಯ.

ಮೋಟಾರನ್ನು ಸೈಕಲಿನ ಎರಡು ಎಡೆಗಳಲ್ಲಿ ಇರಿಸಬಹುದು. ಚಕ್ರದ ಗುಂಬದೊಳಗೆ ಇರಿಸುವುದು ಒಂದು. ಪೆಡಲುಗಳ ಅಚ್ಚು ಹಾದುಹೋಗುವ ನಡುಭಾಗದಲ್ಲಿ ಇರಿಸುವುದು ಇನ್ನೊಂದು. ಎರಡೂ ಹಳೆಯ ಯೋಚನೆಗಳೇ. 1895ರಲ್ಲಿ ಅಮೆರಿಕದ ಆಗ್ಡೆನ್ ಬೋಲ್ಟನ್ ಎಂಬವನು ಹಿಂಬದಿಯ ಚಕ್ರದಲ್ಲಿ ಮೋಟಾರಿರುವ ಸೈಕಲಿಗೆ ಹಕ್ಕುಪತ್ರ ಪಡೆದನು. 1897ರಲ್ಲಿ ಬಾಸ್ಟನ್ ನಗರದ ಹೋಸಿಯಾ ಲಿಬ್ಬಿ ಎಂಬವನು ಪೆಡಲಿನ ಅಚ್ಚಿನ ಬಳಿಯೇ ಜೋಡಿ ಮೋಟಾರನ್ನು ಇರಿಸುವ ಯೋಜನೆಯನ್ನು ಮುಂದಿಟ್ಟನು. ಆದರೆ ಸವಾರನ ತುಳಿತವನ್ನು ಅಳೆದು ಅದಕ್ಕೆ ತಕ್ಕಷ್ಟು ನೆರವೀಯುವ ಸೈಕಲು ಪೇಟೆಗೆ ಬರಲು ಸುಮಾರು ಒಂದು ಶತಮಾನ ಹಿಡಿಯಿತು. 1993ರಲ್ಲಿ ಜಪಾನಿನ ಯಮಾಹಾ ಸಂಸ್ಥೆ ಅದನ್ನು ಮಾರಾಟಕ್ಕೆ ತಂದಿತು.

ಈ ಎರಡನೆಯ ಬಗೆಗೆ ಇಂಗ್ಲಿಷಿನಲ್ಲಿ ಮಿಡ್ ಡ್ರೈವ್ ಎಂದು ಹೆಸರು. ಕನ್ನಡದಲ್ಲಿ ಮಧ್ಯಚಾಲಕ ಮೋಟಾರು ಎನ್ನಬಹುದು. ಮಧ್ಯಚಾಲಿತ ಎಂದರೆ ಅರ್ಥ ತಿರುಗುಮುರುಗಾಗುತ್ತದೆ. ನಡೆಸುವುದು ಮೋಟಾರು, ನಡೆಯುವುದು ಸೈಕಲು.

ಘಟ್ಟಕ್ಕೆ ಮಧ್ಯಚಾಲಕವೇ ತಕ್ಕುದು. ಕಾರಣ ಸರಳ. ದೇವಿಮನೆಯನ್ನು ಏರುವ ಬಸ್ಸಿನ ಚಾಲಕನು ತಿರುವಿಗೆ ಮೊದಲೇ ಕೆಳಗಿನ ಗಿಯರಿಗೆ ಬರುತ್ತಾನೆ. ಎಂಜಿನು ತನಗೆ ಹಿತವಾದ ವೇಗದಲ್ಲಿ ತಿರುಗುತ್ತಲೇ ಇದ್ದು ಚಕ್ರ ಮಾತ್ರ ನಿಧಾನವಾಗುತ್ತದೆ. ಗುಂಬದೊಳಗಿನ ಮೋಟಾರಿಗೆ ಸೈಕಲಿನ ಗಿಯರುಗಳ ಈ ಅನುಕೂಲವಿಲ್ಲ. ಚಕ್ರ ನಿಧಾನವಾದರೆ ಅದೂ ನಿಧಾನವಾಗಬೇಕು. ಆಗ ಬ್ಯಾಟರಿಯ ಶಕ್ತಿ ಓಟವಾಗುವುದಕ್ಕಿಂತ ಬಿಸಿಯಾಗಿ ಹೋಗುವುದೇ ಹೆಚ್ಚು. ಮಧ್ಯಚಾಲಕ ಮೋಟಾರು ತನ್ನ ಬಲವನ್ನು ಪೆಡಲಿನ ಅಚ್ಚಿಗೆ ಕೊಡುತ್ತದೆ. ಅಲ್ಲಿಂದ ಚೈನು ಮತ್ತು ಗಿಯರುಗಳ ಮೂಲಕವೇ ಅದು ಚಕ್ರಕ್ಕೆ ಮುಟ್ಟುತ್ತದೆ. ಸವಾರನು ಸಣ್ಣ ಗಿಯರಿಗೆ ಬಂದು ನಿಮಿಷಕ್ಕೆ 70–80 ಸುತ್ತು ತುಳಿಯುತ್ತಿದ್ದರೆ ಮೋಟಾರೂ ಸುಖವಾಗಿ ದುಡಿಯುತ್ತದೆ.

ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಇಲ್ಲೊಂದು ಒಳ್ಳೆಯ ಲೆಕ್ಕವಿದೆ. ಸವಾರ 70 ಕಿ.ಗ್ರಾಂ., ಸೈಕಲು 12, ಮೋಟಾರು 4, ಬ್ಯಾಟರಿ 3, ಚೀಲ 6. ಒಟ್ಟು 95 ಕಿ.ಗ್ರಾಂ. ಏರು ನೂರು ಮೀಟರಿಗೆ 7 ಮೀಟರ್ ಎಂದು ಹಿಡಿಯೋಣ. ಆ ಏರಿನಲ್ಲಿ ಭಾರವನ್ನು ಎಳೆಯಲು ಸುಮಾರು 65 ನ್ಯೂಟನ್, ಚಕ್ರದ ಉರುಳುಘರ್ಷಣೆಗೆ ಇನ್ನೊಂದು 7. ಒಟ್ಟು 72 ನ್ಯೂಟನ್ ಬಲ ಬೇಕು. ಗಂಟೆಗೆ 12 ಕಿ.ಮೀ. ವೇಗಕ್ಕೆ ಇದು 240 ವಾಟ್ ಆಗುತ್ತದೆ. ಸಾಮಾನ್ಯ ದೇಹದಾರ್ಢ್ಯದ ಸವಾರನು ಬಹುಹೊತ್ತು ಕೊಡಬಲ್ಲದ್ದು 100 ವಾಟ್ ಎಂದರೆ, ಉಳಿದ 140ನ್ನು ಮೋಟಾರು ಕೊಡಬೇಕು. ಹೀಗೆ 500 ಮೀಟರ್ ಎತ್ತರವನ್ನು ಏರಲು ಹಿಡಿಯುವ ಹೊತ್ತು ಸುಮಾರು 36 ನಿಮಿಷ. ಮೋಟಾರು, ಬ್ಯಾಟರಿಗಳನ್ನು ಕಳಚಿಟ್ಟು ಬರಿಯ ಕಾಲಬಲದಿಂದ ಏರಿದರೆ ಗಂಟೆಗೆ ಐದು ಕಿ.ಮೀ.ಗೆ ತುಸು ಮಿಕ್ಕಿದ ವೇಗ, 80 ನಿಮಿಷದ ಶ್ರಮ. ಮೋಟಾರಿನ ಪಾಲಿನ ಕೆಲಸ ಸುಮಾರು 84 ವಾಟ್-ಗಂಟೆ. ನೂರಕ್ಕೆ ಇಪ್ಪತ್ತು ನಷ್ಟವಾದರೂ ಬ್ಯಾಟರಿಯಿಂದ ತೆಗೆದದ್ದು 105. 36 ವೋಲ್ಟ್, 10 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 360 ವಾಟ್-ಗಂಟೆ ಇರುವುದರಿಂದ ಮೂರನೆಯ ಒಂದು ಪಾಲೂ ಖರ್ಚಾಗದು.

ಈ ಲೆಕ್ಕದಿಂದ ಇನ್ನೊಂದು ಮಾತೂ ತಿಳಿಯುತ್ತದೆ. 500, 750 ವಾಟಿನ ಮೋಟಾರುಗಳ ಮೋಹ ಅನಾವಶ್ಯಕ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ನೆರವಿನ ಮೋಟಾರಿನ ಶಕ್ತಿ 0.25 ಕಿಲೋವಾಟಿಗಿಂತ ಕಡಿಮೆಯಿದ್ದು, ಗಂಟೆಗೆ 25 ಕಿ.ಮೀ. ವೇಗದಲ್ಲಿ ಅದರ ನೆರವು ನಿಲ್ಲುವಂತಿದ್ದರೆ ಅಂತಹ ತುಳಿಯುವ ಸೈಕಲು ಮೋಟಾರು ವಾಹನವೆನಿಸದು. ಆ ಮಿತಿಯನ್ನು ದಾಟಿತೋ, ನೋಂದಣಿ, ವಿಮೆ, ಪರವಾನಗಿಗಳ ಪ್ರಶ್ನೆ ಏಳುತ್ತದೆ. ತುಳಿದಾಗ ಮಾತ್ರ ಒದಗುವ ಮೋಟಾರು ದುಡಿಮೆಯನ್ನು ಕಸಿದುಕೊಳ್ಳುವುದಿಲ್ಲ. ಕಾಯಕ ಎಂಬ ಮಾತಿನೊಳಗೆ ಕಾಯ ಇದೆ ಎಂಬುದನ್ನು ಬಲ್ಲವರಿಗೆ ಇದು ಒಪ್ಪಿಗೆಯಾದೀತು.

ಇನ್ನು ಚೌಕಟ್ಟಿನ ವಿಚಾರ. ತೊಡಕಿರುವುದು ಇಲ್ಲಿಯೇ.

ಇಂಗಾಲದ ನಾರು ಎಂದೊಡನೆ ಅದು ನಮ್ಮ ಅನುಭವಕ್ಕೆ ಹೊರತಾದ ವಸ್ತುವೆಂದು ತಿಳಿಯಬೇಕಾಗಿಲ್ಲ. 1880ರ ಸುಮಾರಿಗೆ ಎಡಿಸನ್ ತನ್ನ ವಿದ್ಯುದ್ದೀಪದೊಳಗೆ ಇಟ್ಟದ್ದು ಬಿದಿರಿನ ನಾರನ್ನು ಕರಿಕುಗೊಳಿಸಿ ಪಡೆದ ಇಂಗಾಲದ ಎಳೆಯನ್ನೇ. ಈಗಿನ ನಾರನ್ನು ಬಹುಮಟ್ಟಿಗೆ ಕೃತಕ ಎಳೆಗಳಿಂದ ಮಾಡುತ್ತಾರೆ. ಒಂದೊಂದು ಎಳೆಯ ದಪ್ಪ ಮಿಲಿಮೀಟರಿನ ಸಾವಿರದಲ್ಲಿ ಐದರಿಂದ ಏಳು ಪಾಲು. ಅವನ್ನು ಅಂಟಿನಲ್ಲಿ ನೆನೆಸಿ, ಪದರದ ಮೇಲೆ ಪದರವಿಟ್ಟು, ಕಾಯಿಸಿ ಗಟ್ಟಿಮಾಡುತ್ತಾರೆ. ಹೀಗಾದ ವಸ್ತುವಿನ ಭಾರ ಅದೇ ಗಾತ್ರದ ಉಕ್ಕಿನ ಐದನೆಯ ಒಂದು ಪಾಲಿನಷ್ಟು. ಆದರೆ ಅದರ ಗುಣ ಬಿದಿರಿನ ಸಲಕೆಯ ಗುಣ, ಅಡಿಕೆಯ ದಬ್ಬೆಯ ಗುಣ: ನಾರಿನ ಉದ್ದಕ್ಕೆ ಎಳೆದರೆ ಅಪಾರ ಬಲ, ಅಡ್ಡಕ್ಕೆ ಹಿಸುಕಿದರೆ ಅಥವಾ ಹರಿತವಾದುದನ್ನು ನಾಟಿದರೆ ಸೀಳು. ಹನ್ನೆರಡನೆಯ ಶತಮಾನದ ಶರಣ ಮೇದರ ಕೇತಯ್ಯನ ಕಾಯಕದವರು ಯಾವ ಸಲಕೆಯನ್ನು ಎತ್ತ ಬಾಗಿಸಬೇಕೆಂದು ಬಲ್ಲಂತೆ, ಚೌಕಟ್ಟನ್ನು ರೂಪಿಸುವವರೂ ಬಲ ಎಲ್ಲಿಂದ ಬರುವುದೋ ಅತ್ತ ನಾರನ್ನು ಹಾಸಿರುತ್ತಾರೆ. ಅವರು ಎಣಿಸದ ಕಡೆಯಿಂದ ಬಲ ಬಂದರೆ ಅದನ್ನು ಹೊರಲು ಅಲ್ಲಿ ನಾರಿಲ್ಲ.

ಮೋಟಾರಿನ ಒಟ್ಟು ಬಲದಿಂದಲೇ ಚೌಕಟ್ಟು ಮುರಿಯುತ್ತದೆಂಬುದು ಸರಿಯಲ್ಲ. 70 ಕಿ.ಗ್ರಾಂ. ತೂಕದವನು 17 ಸೆಂ.ಮೀ. ಉದ್ದದ ಪೆಡಲುತೋಳಿನ ಮೇಲೆ ಎದ್ದು ನಿಂತರೆ ಅಚ್ಚಿನ ಮೇಲೆ ಬೀಳುವ ತಿರುಚುಬಲ ಸುಮಾರು 117 ನ್ಯೂಟನ್-ಮೀಟರ್. ಸಣ್ಣ ಮೋಟಾರಿನದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಕೇಡಿರುವುದು ಮೋಟಾರು ಆತುಕೊಳ್ಳುವ ಬಿಂದುಗಳಲ್ಲಿ. ಅಚ್ಚನ್ನು ಮುಂದಕ್ಕೆ ತಿರುಗಿಸುವ ಮೋಟಾರಿನ ಒಡಲು ತಾನು ಹಿಮ್ಮುಖವಾಗಿ ತಿರುಗಲು ಹವಣಿಸುತ್ತದೆ. ಚೌಕಟ್ಟಿನ ಕೆಳಗಿನ ಕೊಳವೆಗೆ ಒತ್ತಿಕೊಳ್ಳುತ್ತದೆ. ಅದನ್ನು ತಡೆಯಲು ಎಡಬದಿಯಲ್ಲಿ ಹಲ್ಲುಗಳುಳ್ಳ ತಗಡನ್ನು ಬಿಗಿಯುತ್ತಾರೆ. ಉಕ್ಕಿನ ಕೊಳವೆಯಲ್ಲಿ ಹಲ್ಲು ಕಚ್ಚಿದರೆ ಗೀರು ಮಾತ್ರ. ಇಂಗಾಲದಲ್ಲಿ ಕಚ್ಚಿದರೆ ನಾರೇ ತುಂಡು. ಉಕ್ಕು ಬಾಗಿ ಎಚ್ಚರಿಸುತ್ತದೆ; ಇಂಗಾಲ ಒಳಗೇ ಪದರ ಬಿಟ್ಟು, ಹೊರಗೆ ಹೊಳೆಯುತ್ತಲೇ ಇದ್ದು, ಒಂದು ದಿನ ಇಳಿಜಾರಿನಲ್ಲಿ ಕೈಕೊಡುತ್ತದೆ.

ಆದುದರಿಂದ ಮೊದಲು ನೋಡಬೇಕಾದದ್ದು ಪೆಡಲಿನ ಅಚ್ಚು ಕೂರುವ ಗೂಡನ್ನು. ಅದರ ಅಗಲ 68 ಅಥವಾ 73 ಮಿ.ಮೀ. ಇದ್ದು, ಒಳಗೆ ತಿರುಪು ಕೊರೆದ ಲೋಹದ ಬಳೆಯಿದ್ದರೆ ಜೋಡಣೆಯ ಮಾತಾಡಬಹುದು. ಆಗಲೂ ಬಲಬದಿಯ ಬಟ್ಟಲಿನ ತಿರುಪು ಎಡಸುತ್ತಿನದೆಂಬುದನ್ನು ಮರೆತು ಬಲವಂತ ಮಾಡಿದರೆ ಬಳೆಯೇ ಕಿತ್ತುಬರುತ್ತದೆ. ಅನೇಕ ಇಂಗಾಲದ ಬೆಟ್ಟದ ಸೈಕಲುಗಳಲ್ಲಿ ತಿರುಪೇ ಇರದು. ಗೂಡು 92 ಮಿ.ಮೀ.ನಷ್ಟು ಅಗಲ, ಬಟ್ಟಲುಗಳನ್ನು ಒತ್ತಿ ಕೂರಿಸಿರುತ್ತಾರೆ. ಅದಕ್ಕೆ ಉದ್ದನೆಯ ಅಚ್ಚಿನ ಮೋಟಾರೂ ನಡುವೆ ತುಂಬುವ ತೋಳೂ ಬೇಕು. ಗೂಡನ್ನು ಅರದಿಂದ ಉಜ್ಜಿ ಸರಿಪಡಿಸುವೆನೆನ್ನುವ ಕುಶಲಿಯ ಕೈಗೆ ಸೈಕಲನ್ನು ಒಪ್ಪಿಸಲೇಬಾರದು.

ಕರಾವಳಿಗೆ ವಿಶೇಷವಾದ ಮತ್ತೊಂದು ತೊಂದರೆಯುಂಟು. ಇಂಗಾಲ ವಿದ್ಯುದ್ವಾಹಕ. ಅದಕ್ಕೆ ಅಲ್ಯೂಮಿನಿಯಂ ತಾಗಿಕೊಂಡಿದ್ದು, ನಡುವೆ ಉಪ್ಪಿನ ತೇವ ಸೇರಿದರೆ ಅದೇ ಒಂದು ಪುಟ್ಟ ವಿದ್ಯುತ್ಕೋಶವಾಗಿ ಅಲ್ಯೂಮಿನಿಯಂ ಸವೆಯತೊಡಗುತ್ತದೆ. ಕಡಲ ಗಾಳಿಯೂ ಮಳೆಯೂ ಸೇರುವ ಸೀಮೆಯಲ್ಲಿ ಇದು ಪುಸ್ತಕದ ಮಾತಲ್ಲ. ಎರಡರ ನಡುವೆ ಲೋಹವಲ್ಲದ ತೋಳನ್ನಿಟ್ಟು ಗ್ರೀಸನ್ನು ಧಾರಾಳವಾಗಿ ಬಳಿಯಬೇಕು.

ಬ್ಯಾಟರಿಯನ್ನು ನೀರಿನ ಬಾಟಲಿಯ ತಿರುಪುಗಳಿಗೆ ಬಿಗಿಯುವುದು ರೂಢಿ. ಒಂದು ಕಿಲೋವಿನಷ್ಟು ನೀರಿಗೆಂದು ಕೂರಿಸಿದ ಆ ಬಿರಟೆಗಳು ಮೂರು ಕಿಲೋವಿನ ಕುಲುಕಾಟಕ್ಕೆ ಸಡಿಲುತ್ತವೆ. ಅಗಲವಾದ ಪಟ್ಟಿಗಳಿಂದ ಭಾರವನ್ನು ಕೊಳವೆಯುದ್ದಕ್ಕೂ ಹಂಚಬೇಕು. ತಂತಿಯ ಕೊಂಡಿಗಳ ಬಾಯಿ ಕೆಳಮುಖವಾಗಿರಲಿ. ಮಳೆಗಾಲದಲ್ಲಿ ಚಂಡಿಕಾ ಹೊಳೆ ಉಕ್ಕಿ ಕತಗಾಲದ ಬಳಿ ರಸ್ತೆಗೆ ನೀರು ಬರುವುದುಂಟು. ಅಂತಹ ನೀರಿನಲ್ಲಿ ಮೋಟಾರಿನ ಸೈಕಲನ್ನು ಇಳಿಸಬಾರದು.

ಇಷ್ಟೆಲ್ಲ ತಿಳಿದ ಮೇಲೆ ಇಂಗಾಲದ ಚೌಕಟ್ಟಿಗೇ ಮೋಟಾರನ್ನು ಜೋಡಿಸಬೇಕೇ? ಒಂದೆರಡು ಕಿಲೋ ಉಳಿಸಲೆಂದು ಹೆಚ್ಚು ಬೆಲೆ ತೆತ್ತು ಕೊಂಡ ಚೌಕಟ್ಟಿನ ಮೇಲೆ ಏಳು ಕಿಲೋ ಹೇರುವುದರಲ್ಲಿ ವಿವೇಕ ಕಡಿಮೆ. ತಯಾರಕರ ಖಾತರಿಯೂ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ತಿರುಪಿನ ಲೋಹಬಳೆ ಇರುವ, ಪೆಟ್ಟು ತಿನ್ನದ, ಒಬ್ಬನೇ ಎಚ್ಚರದಿಂದ ಬಳಸುವ ಸೈಕಲಾದರೆ ಆಗಬಹುದು. ಶಾಲೆಯ ಮಕ್ಕಳಿಗೆಂದು ಸೈಕಲನ್ನು ದಾನವಾಗಿ ಕೊಡಬಯಸುವವರು ಮಾತ್ರ ಉಕ್ಕಿನ ಇಲ್ಲವೆ ಅಲ್ಯೂಮಿನಿಯಮ್ಮಿನ ಚೌಕಟ್ಟನ್ನೇ ಆರಿಸುವುದು ಲೇಸು. ಹಲವರ ಕೈಯಲ್ಲಿ ಬೀಳುತ್ತ ಏಳುತ್ತ ಸಾಗುವ ಸೈಕಲಿಗೆ ತನ್ನ ನೋವನ್ನು ಮುಚ್ಚಿಡುವ ವಸ್ತು ಒಳ್ಳೆಯದಲ್ಲ.

ಜೋಡಿಸಿದವರು ನೆನಪಿಡಬೇಕಾದದ್ದು ಇಳಿಯುವಾಗ. ಮಧ್ಯಚಾಲಕ ಮೋಟಾರು ಇಳಿಜಾರಿನಲ್ಲಿ ಬ್ಯಾಟರಿಯನ್ನು ತುಂಬುವುದಿಲ್ಲ. ಹಿಂಚಕ್ರ ಚೈನನ್ನು ಬಿಟ್ಟು ತಾನೇ ಉರುಳುತ್ತದೆ. ಏರುವಾಗ ಗಳಿಸಿದ ಎತ್ತರದ ಶಕ್ತಿಯಲ್ಲಿ ಗಾಳಿಗೂ ಘರ್ಷಣೆಗೂ ಹೋಗಿ ಉಳಿದದ್ದೆಲ್ಲ ಬ್ರೇಕಿನ ತಟ್ಟೆಗಳಲ್ಲಿ ಬಿಸಿಯಾಗಬೇಕು. ತಿರುವುಗಳ ನಡುವೆ ಬ್ರೇಕನ್ನು ಬಿಟ್ಟು ಹಿಡಿದು ಇಳಿಯಬೇಕು. ಕತಗಾಲ ಮುಟ್ಟಿದೊಡನೆ ತಟ್ಟೆಯನ್ನು ಕೈಯಿಂದ ಮುಟ್ಟಬಾರದು. ಅದು ಆರಿದ ಮೇಲೆ ಮೋಟಾರನ್ನು ಬಿಗಿದ ನಟ್ಟು ಸಡಿಲಿದೆಯೇ ನೋಡಿ, ಗೂಡಿನ ಸುತ್ತ ನಾಣ್ಯದಿಂದ ಮೆಲ್ಲನೆ ತಟ್ಟಿ ಕೇಳಬೇಕು. ಗಟ್ಟಿ ಭಾಗ ಟಕ್ಕೆನ್ನುತ್ತದೆ. ಎಲ್ಲಿಯಾದರೂ ಮಂಕಾದ ದನಿ ಬಂದರೆ, ತಿಳಿದವರಿಂದ ಪರೀಕ್ಷೆ ಮಾಡಿಸುವ ತನಕ ಆ ಸೈಕಲನ್ನು ಹತ್ತಬಾರದು.